ನರತಂತುವಿಗೆ ದಾರಿ ತೋರುವವರಾರು? ಕಹಾಲ್ ಊಹಿಸಿದ ಉತ್ತರ

ಸ್ಪೇನ್ ದೇಶದ ಪೆಟಿಯಾ ದೆ ಅರಗೋನ್ ಎಂಬ ಹಳ್ಳಿಯಲ್ಲಿ 1852ರ ಮೇ 1ರಂದು ಜನಿಸಿದ ಸಾಂಟಿಯಾಗೊ ರಾಮೋನ್ ಇ ಕಹಾಲ್‌ಗೆ ಚಿತ್ರಕಾರನಾಗುವ ಹಂಬಲವಿತ್ತು. ಶಸ್ತ್ರವೈದ್ಯನಾಗಿದ್ದ ತಂದೆಗೆ ಅದು ಸುತರಾಂ ಇಷ್ಟವಿರಲಿಲ್ಲ. ಹಟಮಾರಿ ಹುಡುಗನನ್ನು ಕ್ಷೌರಿಕನ ಬಳಿಯೂ ಪಾದರಕ್ಷೆ ಹೊಲಿಯುವವನ ಬಳಿಯೂ ಕೆಲಸಕ್ಕೆ ಬಿಟ್ಟದ್ದುಂಟು. ಕಡೆಗೆ ಸ್ಮಶಾನದಿಂದ ತಂದ ಮೂಳೆಗಳ ಚಿತ್ರ ಬರೆಯಲು ತಂದೆಯೇ ಕೂರಿಸಿದಾಗ ಮಗ ವೈದ್ಯಶಾಸ್ತ್ರಕ್ಕೆ ಒಲಿದ.

ಸೇನಾ ವೈದ್ಯನಾಗಿ ಕ್ಯೂಬಾಕ್ಕೆ ಹೋಗಿ ಮಲೇರಿಯಾ ಹೊತ್ತು ಮರಳಿದ ಕಹಾಲ್, ಅಲ್ಲಿ ಉಳಿಸಿದ ಹಣದಲ್ಲಿ ಸೂಕ್ಷ್ಮದರ್ಶಕವೊಂದನ್ನು ಕೊಂಡ. ಇಟಲಿಯ ಕಮಿಲೊ ಗೋಲ್ಜಿ ಕಂಡುಹಿಡಿದ ಬೆಳ್ಳಿ ಲವಣದ ಬಣ್ಣಗಾರಿಕೆ 1887ರಲ್ಲಿ ಆತನ ಕಣ್ಣಿಗೆ ಬಿತ್ತು. ಮಿದುಳು ಒಂದೇ ಅಖಂಡ ಬಲೆ ಎಂಬುದು ಗೋಲ್ಜಿಯ ನಂಬಿಕೆ. ಅದೇ ಬಣ್ಣ ಬಳಸಿದ ಕಹಾಲ್, ಪ್ರತಿ ನರಕೋಶವೂ ಬಿಡಿಬಿಡಿ ಎಂದು ಮರುವರ್ಷ ಸಾರಿದ. 1906ರಲ್ಲಿ ಇಬ್ಬರಿಗೂ ನೊಬೆಲ್ ಹಂಚಿಕೆಯಾಯಿತು. ಗೋಲ್ಜಿ ತನ್ನ ನೊಬೆಲ್ ಉಪನ್ಯಾಸದಲ್ಲೇ ಜೊತೆಗಾರನ ಸಿದ್ಧಾಂತವನ್ನು ತಳ್ಳಿಹಾಕಿದ!

ಇದಕ್ಕಿಂತ ದೊಡ್ಡ ಸಾಹಸ ಬೇರೆಯದು. 1890ರಲ್ಲಿ ಕೋಳಿಯ ಭ್ರೂಣದಲ್ಲಿ, ಬೆಳೆಯುತ್ತಿರುವ ನರತಂತುವಿನ ತುದಿಯಲ್ಲಿ ಉಬ್ಬಿದ ಶಂಕುವೊಂದನ್ನು ಕಹಾಲ್ ಗುರುತಿಸಿದ. ತಂತು ಗುರಿ ತಪ್ಪದೆ ಸಾಗುವುದಾದರೂ ಹೇಗೆ? ದೂರದ ಕೋಶಗಳು ಸ್ರವಿಸುವ ರಾಸಾಯನಿಕವೊಂದು ಅದನ್ನು ಸೆಳೆಯುತ್ತಿರಬೇಕು ಎಂದು 1892ರಲ್ಲಿ ಊಹಿಸಿದ. ಸತ್ತ ಅಂಗಾಂಶದ ತೆಳುಪದರ ನೋಡಿ ಜೀವಂತ ಚಲನೆಯನ್ನು ಕಾಣಲು ಚಿತ್ರಕಾರನ ಕಣ್ಣೇ ಬೇಕಿತ್ತೇನೋ. ಆ ರಾಸಾಯನಿಕವನ್ನು ಕಾಣದೆಯೇ 1934ರ ಅಕ್ಟೋಬರ್ 17ರಂದು ಮ್ಯಾಡ್ರಿಡ್‌ನಲ್ಲಿ ಕಹಾಲ್ ತೀರಿಕೊಂಡ.

ಅದಾಗಿ 60 ವರ್ಷಗಳ ಬಳಿಕ, 1994ರಲ್ಲಿ, ಕ್ಯಾಲಿಫೋರ್ನಿಯಾದ ಮಾರ್ಕ್ ಟೆಸಿಯರ್-ಲವೀನ್ ತಂಡ ಸಾವಿರಾರು ಕೋಳಿಭ್ರೂಣಗಳ ಮಿದುಳಿನಿಂದ ಅಂಥ ಪ್ರೋಟೀನನ್ನು ಬೇರ್ಪಡಿಸಿತು. ಅದಕ್ಕಿಟ್ಟ ಹೆಸರು ನೆಟ್ರಿನ್. ದಾರಿ ತೋರುವವನು ಎಂಬರ್ಥದ ಸಂಸ್ಕೃತದ 'ನೇತೃ' ಶಬ್ದವೇ ಇದರ ಮೂಲ. ನಮ್ಮ ನೇತಾರ, ನೇತೃತ್ವಗಳ ಬಂಧು.

ಭ್ರೂಣದ ಬೆನ್ನುಹುರಿಯ ತಳದ ನಡುಪಟ್ಟಿಯಲ್ಲಿ ನೆಟ್ರಿನ್ ತಯಾರಾಗಿ, ಮೇಲಿನಿಂದ ಇಳಿಯುವ ತಂತುಗಳನ್ನು ಕರೆಯುತ್ತದೆಂದು ಮೊದಲು ತಿಳಿಯಲಾಗಿತ್ತು. ಚಿತ್ರ ಅಷ್ಟು ಸರಳವಲ್ಲ. ಇಲಿಯ ಹಿಮ್ಮಿದುಳಿನಲ್ಲಿ ಆ ಪಟ್ಟಿಯ ನೆಟ್ರಿನ್ ಇಲ್ಲದಿದ್ದರೂ ತಂತುಗಳು ನಡುಗೆರೆ ದಾಟುತ್ತವೆಂದು 2017ರ ಪ್ರಯೋಗಗಳು ತೋರಿಸಿದವು. ದಾರಿಯುದ್ದಕ್ಕೂ ಇರುವ ಮೂಲಕೋಶಗಳ ನೆಟ್ರಿನ್ನೇ ಅಲ್ಲಿ ಮುಖ್ಯ.

ಬೆಳೆದ ಪ್ರಾಣಿಯಲ್ಲೂ ನೆಟ್ರಿನ್ ಉಳಿದಿರುತ್ತದೆ: ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ, ಬೆನ್ನುಹುರಿಯ ನರಕೋಶಗಳಲ್ಲಿ, ತಂತುಗಳಿಗೆ ಮಯಲಿನ್ ಹೊದಿಕೆ ಕಟ್ಟುವ ಕೋಶಗಳಲ್ಲಿ. ಹಿಪೊಕ್ಯಾಂಪಸ್‌ನಲ್ಲಿ ಅದು ನರಕೋಶಗಳ ನಡುವಣ ಬೆಸುಗೆಯನ್ನು ಬಲಪಡಿಸುತ್ತದೆ. ಬೆನ್ನುಹುರಿಯಲ್ಲಿ ಮಾತ್ರ ಪಾತ್ರ ಬೇರೆ. ಕತ್ತರಿಸಿದ ತಂತುಗಳು ವಯಸ್ಕರ ಬೆನ್ನುಹುರಿಯಲ್ಲಿ ಚಿಗುರಲು ತೊಡಗಿ ಅರ್ಧಕ್ಕೇ ನಿಲ್ಲುವುದನ್ನು ಕಹಾಲ್ 1914ರ ಹೊತ್ತಿಗೆ ದಾಖಲಿಸಿದ್ದ. ಆ ಬೆಳವಣಿಗೆಯನ್ನು ತಡೆಯುವ ವಸ್ತುಗಳಲ್ಲಿ ನೆಟ್ರಿನ್ ಕೂಡ ಒಂದೆಂದು 2008ರಲ್ಲಿ ಗೊತ್ತಾಯಿತು.