ದೇಶವಿಲ್ಲದವರ ರಾಯಭಾರಿ ನಾನ್ಸೆನ್

ಕಛೇರಿಯ ವ್ಯವಹಾರಗಳನ್ನು ಬಲ್ಲ ನಮ್ಮ ವಾಚಕರಿಗೆ ಒಂದು ಕಾಗದದ ಬೆಲೆಯೇನೆಂಬುದನ್ನು ನಾವು ಹೇಳಬೇಕಾದುದಿಲ್ಲ. ಹೆಸರು, ಊರು, ತಂದೆಯ ಹೆಸರು, ಕೆಳಗೊಂದು ಮೊಹರು. ಇಷ್ಟಿದ್ದವನು ಗೃಹಸ್ಥನು, ಇಲ್ಲದವನು ಸಂದೇಹಕ್ಕೆ ಪಾತ್ರನು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ ಯೂರೋಪಿನಲ್ಲಿ ಇಂತಹ ಕಾಗದವಿಲ್ಲದವರು ಲಕ್ಷಗಟ್ಟಲೆ ಇದ್ದರು. ಇದ್ದೆಡೆಯಲ್ಲಿ ಇರಲು ಅವರಿಗೆ ಹಕ್ಕಿಲ್ಲ, ಮುಂದಕ್ಕೆ ಹೋಗಲು ಅಪ್ಪಣೆಯಿಲ್ಲ, ಹಿಂದಿರುಗಲು ದೇಶವಿಲ್ಲ. ಅವರ ಕೈಗೆ ಒಂದು ರಹದಾರಿಯನ್ನು ಕೊಡಿಸಿದವರು ನಾರ್ವೆ ದೇಶದ ಫ್ರಿಡ್ಟ್‌ಯಾಫ್ ನಾನ್ಸೆನ್ನರು. ಲೋಕವು ಇವರನ್ನು ಹಿಮಪ್ರದೇಶದ ಸಾಹಸಿಯೆಂದು ಕೊಂಡಾಡುತ್ತದೆ, ಅದು ಯುಕ್ತವೇ. ಆದರೆ ಅವರ ಬಾಳಿನ ಕೊನೆಯ ಹತ್ತು ವರ್ಷಗಳ ದುಡಿಮೆಯನ್ನು ನಾವು ಅದಕ್ಕಿಂತ ದೊಡ್ಡ ಸಾಹಸವೆಂದು ಎಣಿಸುತ್ತೇವೆ.

ನಾನ್ಸೆನ್ನರು 1861ನೆಯ ಅಕ್ಟೋಬರ್ 10ರಂದು, ಇಂದು ಆಸ್ಲೋ ಎಂದು ಕರೆಯುವ ನಗರದ ಬಳಿ ಹುಟ್ಟಿದರು. ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿ, ಬರ್ಗೆನ್ ನಗರದ ವಸ್ತುಸಂಗ್ರಹಾಲಯದಲ್ಲಿ ಉದ್ಯೋಗಕ್ಕೆ ಸೇರಿ, ಕೀಳುಜೀವಿಗಳ ನರಮಂಡಲದ ಮೇಲೆ ವಿದ್ವತ್ಪೂರ್ಣವಾದ ಪ್ರಬಂಧವನ್ನು ಬರೆದರು. 1888ರಲ್ಲಿ ಐವರು ಸಂಗಡಿಗರೊಡನೆ ಗ್ರೀನ್‌ಲ್ಯಾಂಡಿನ ಹಿಮರಾಶಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದರು. ಜನವಸತಿಯಿದ್ದುದು ಪಶ್ಚಿಮ ತೀರದಲ್ಲಿ. ಪೂರ್ವದಿಂದ ಹೊರಟವನಿಗೆ ಹಿಂದಿರುಗುವ ದಾರಿಯೇ ಇಲ್ಲ, ಮುಂದೆ ಹೋಗಿಯೇ ತೀರಬೇಕು. ಆ ಕಾರಣದಿಂದಲೇ ಅವರು ಪೂರ್ವವನ್ನು ಆರಿಸಿಕೊಂಡರು. ಬಳಿಕ 1893ರಲ್ಲಿ, ಮಂಜುಗಡ್ಡೆಯ ಒತ್ತಡಕ್ಕೆ ಒಡೆಯದಂತೆ ಕಟ್ಟಿಸಿದ ಫ್ರಾಂ ಎಂಬ ಹಡಗಿನಲ್ಲಿ ಉತ್ತರ ಧ್ರುವದ ಕಡೆಗೆ ಹೊರಟರು. 1895ರಲ್ಲಿ ಯೋಹಾನ್ಸೆನ್ ಎಂಬ ಒಬ್ಬನೇ ಜೊತೆಗಾರನೊಡನೆ ಹಡಗನ್ನು ಬಿಟ್ಟು ನಡೆದು, ಅದುವರೆಗೆ ಯಾರೂ ಮುಟ್ಟದಿದ್ದ 86 ಡಿಗ್ರಿ ಅಕ್ಷಾಂಶವನ್ನು ಮೀರಿದರು. ಮರಳುವಾಗ ಕಲ್ಲಿನ ಗುಡಿಸಲಿಗೆ ವಾಲ್ರಸ್ಸಿನ ಚರ್ಮವನ್ನು ಹೊದಿಸಿ, ಕರಡಿಯ ಮಾಂಸವನ್ನು ತಿಂದು, ಇಡೀ ಚಳಿಗಾಲವನ್ನು ಅಲ್ಲಿ ಕಳೆದರು. ಮನೆಯಿಲ್ಲದವನ ಪಾಡೇನೆಂಬುದನ್ನು ಪುಸ್ತಕದಿಂದ ಕಲಿಯಬೇಕಾದ ಅವಶ್ಯಕತೆ ಅವರಿಗಿರಲಿಲ್ಲ. 1896ರಲ್ಲಿ ಹಡಗೂ ಹದಿಮೂರು ಜನರೂ ಕ್ಷೇಮವಾಗಿ ಸ್ವದೇಶವನ್ನು ಸೇರಿದರು.

ನಾನ್ಸೆನ್ನರು ದೇಶಾಭಿಮಾನಿಗಳೂ ಆಗಿದ್ದರು. ನಾರ್ವೆಯು 1905ರಲ್ಲಿ ಸ್ವೀಡನ್ನಿನಿಂದ ಬೇರ್ಪಟ್ಟು ಸ್ವತಂತ್ರವಾದಾಗ ತಮ್ಮ ಕೀರ್ತಿಯನ್ನೆಲ್ಲ ಆ ಪಕ್ಷಕ್ಕೆ ಧಾರೆಯೆರೆದು, ಲಂಡನ್ನಿಗೆ ತಮ್ಮ ದೇಶದ ಪ್ರಥಮ ಪ್ರತಿನಿಧಿಯಾಗಿ ಹೋದರು. ಸ್ವರಾಷ್ಟ್ರವನ್ನು ಪಡೆದವನಿಗೆ ಪರರ ಸಂಕಟವು ಕಾಣದಾಗುವುದುಂಟು; ಇವರ ವಿಷಯದಲ್ಲಿ ಹಾಗಾಗಲಿಲ್ಲ.

1920ರಲ್ಲಿ ರಾಷ್ಟ್ರಸಂಘವು ಯುದ್ಧ ಕೈದಿಗಳನ್ನು ಸ್ವದೇಶಗಳಿಗೆ ಮುಟ್ಟಿಸುವ ಕಾರ್ಯವನ್ನು ಇವರಿಗೆ ಒಪ್ಪಿಸಿತು. ಸೈಬೀರಿಯದ ಶಿಬಿರಗಳಲ್ಲಿ ಆರನೆಯ ವರ್ಷವನ್ನು ಕಳೆಯುತ್ತಿದ್ದ ಸೈನಿಕರಿದ್ದರು. ಸೋವಿಯೆತ್ ಸರ್ಕಾರವು ರಾಷ್ಟ್ರಸಂಘವನ್ನು ಮಾನ್ಯಮಾಡಿರಲಿಲ್ಲ. ಆದರೂ ನಾನ್ಸೆನ್ನರೊಡನೆ ವ್ಯವಹರಿಸಲು ಒಪ್ಪಿತು. ಬಾಲ್ಟಿಕ್ ಸಮುದ್ರದಲ್ಲಿ ಹಡಗುಗಳನ್ನು ಓಡಿಸಿ, 1922ರ ವೇಳೆಗೆ ಸುಮಾರು 4,28,000 ಜನರನ್ನು ಅವರು ಮನೆ ಸೇರಿಸಿದರು. ಇಷ್ಟರಲ್ಲಿ ವೋಲ್ಗಾ ನದಿಯ ಪ್ರಾಂತದಲ್ಲಿ ಘೋರವಾದ ಕ್ಷಾಮವು ತಲೆದೋರಿತು. 1921ರ ಸೆಪ್ಟೆಂಬರಿನಲ್ಲಿ ನಾನ್ಸೆನ್ನರು ರಾಷ್ಟ್ರಸಂಘದ ಮುಂದೆ ನಿಂತು ಹಣವನ್ನು ಬೇಡಿದರು. ಬೋಲ್ಷೆವಿಕರಿಗೆ ಸಹಾಯವಾದೀತೆಂಬ ಭಯದಿಂದ ಸರ್ಕಾರಗಳು ಕೈಯಾಡಿಸಿಬಿಟ್ಟವು. ಹಸಿದ ಮಗುವಿಗೆ ಪಕ್ಷವೆಲ್ಲಿಯದು? ಅವರು ತಾವೇ ಕ್ಷಾಮಪೀಡಿತ ಪ್ರದೇಶವನ್ನು ಸುತ್ತಿ, ಅಲ್ಲಿಯ ಛಾಯಾಚಿತ್ರಗಳನ್ನು ಊರೂರಿನ ಸಭೆಗಳಲ್ಲಿ ತೋರಿಸಿ ಭಿಕ್ಷೆಯೆತ್ತಿದರು. ಸಂಗ್ರಹವಾದುದು ಅವಶ್ಯಕತೆಗೆ ಬಹಳ ಕಡಿಮೆಯಾಗಿತ್ತು.

ರಹದಾರಿಯ ಸಂಗತಿಯು ಇದೇ ಕಾಲದ್ದು. ಕ್ರಾಂತಿಯಿಂದಲೂ ಅಂತರ್ಯುದ್ಧದಿಂದಲೂ ರಷ್ಯಾವನ್ನು ಬಿಟ್ಟವರು ಹತ್ತು ಲಕ್ಷಕ್ಕೂ ಹೆಚ್ಚು. 1921ರ ಡಿಸೆಂಬರಿನಲ್ಲಿ ಸೋವಿಯೆತ್ ಸರ್ಕಾರವು ಅವರಲ್ಲಿ ಬಹುಮಂದಿಯ ಪೌರತ್ವವನ್ನು ಕಿತ್ತುಹಾಕಿತು. 1922ರ ಜುಲೈ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ಸಮ್ಮೇಳನವು ನಾನ್ಸೆನ್ನರ ಸೂಚನೆಯಂತೆ ಒಂದು ಗುರುತಿನ ಪತ್ರವನ್ನು ಒಪ್ಪಿಕೊಂಡಿತು. ಇದನ್ನು ಕೊಡುತ್ತಿದ್ದುದು ಆಯಾ ದೇಶದ ಸರ್ಕಾರವೇ. ಇದರಿಂದ ಪೌರತ್ವವು ಬರುತ್ತಿರಲಿಲ್ಲ. ಮೊದಮೊದಲು, ಕೊಟ್ಟ ದೇಶಕ್ಕೆ ಹಿಂದಿರುಗುವ ಹಕ್ಕೂ ಇರಲಿಲ್ಲ. ಆದರೂ ಕೆಲಸವಿದ್ದೆಡೆಗೆ ಹೋಗಲು, ಗಡಿಯಲ್ಲಿ ತಲೆಯೆತ್ತಿ ನಿಲ್ಲಲು ಇದು ಸಾಕಾಯಿತು. ಕಾಲಕ್ರಮದಲ್ಲಿ ಐವತ್ತಕ್ಕೂ ಮೇಲ್ಪಟ್ಟ ಸರ್ಕಾರಗಳು ಇದನ್ನು ಅಂಗೀಕರಿಸಿದವು. 1924ರಲ್ಲಿ ಆರ್ಮೀನಿಯರಿಗೂ, 1928ರಲ್ಲಿ ಅಸ್ಸೀರಿಯರು ಮೊದಲಾದವರಿಗೂ ವಿಸ್ತರಿಸಿದರು. 1926ರ ಒಪ್ಪಂದದಂತೆ, ಶಕ್ತಿಯುಳ್ಳವರು ಐದು ಚಿನ್ನದ ಫ್ರಾಂಕುಗಳ ಸ್ಟಾಂಪನ್ನು ಹಚ್ಚಬೇಕು, ಬಡವರಿಗೆ ಮಾಫಿ. ಆ ಹಣವು ನಿರಾಶ್ರಿತರ ಸಹಾಯಕ್ಕೇ ಸಲ್ಲುತ್ತಿತ್ತು. ಸಂಗೀತಗಾರ ಸ್ಟ್ರಾವಿನ್ಸ್ಕಿ, ಚಿತ್ರಕಾರ ಷಗಾಲ್, ಕಾದಂಬರಿಕಾರ ನಬೊಕೊವ್ ಇವರು ಈ ಕಾಗದವನ್ನು ಹಿಡಿದು ತಿರುಗಿದವರೇ. ಅವರಿಗೆ ಮನೆಗೊಟ್ಟ ಪ್ಯಾರಿಸ್ಸು, ಬರ್ಲಿನ್ನುಗಳು ಕೊಟ್ಟುದಕ್ಕಿಂತ ಪಡೆದುದೇ ಹೆಚ್ಚೆಂದು ನಮ್ಮ ಅಭಿಪ್ರಾಯ.

1922ರ ಸೆಪ್ಟೆಂಬರಿನಲ್ಲಿ ಸ್ಮಿರ್ನಾ ನಗರವು ಉರಿದುಹೋಯಿತು. ಏಷ್ಯಾಮೈನರಿನ ಗ್ರೀಕರು ಉಟ್ಟ ಬಟ್ಟೆಯಲ್ಲಿ ಗ್ರೀಸಿನ ರೇವುಗಳಿಗೆ ಬಂದಿಳಿದರು. ನಾನ್ಸೆನ್ನರು ಆ ವರ್ಷವೇ ಶಾಂತಿಗಾಗಿ ನೊಬೆಲ್ ಪಾರಿತೋಷಕವನ್ನು ಪಡೆದು, ಅದರ ಹಣವನ್ನು ಪರಿಹಾರ ಕಾರ್ಯಕ್ಕೆ ವಿನಿಯೋಗಿಸಿದರು. ಗ್ರೀಸಿನ ಜನಸಂಖ್ಯೆ ಆಗ ಸುಮಾರು 50 ಲಕ್ಷ. ಯುದ್ಧದಲ್ಲಿ ಸೋತ ಬಡರಾಷ್ಟ್ರ. ಬಂದವರೋ 12 ಲಕ್ಷ! ನಾಲ್ವರ ಮನೆಗೆ ಐದನೆಯವನು ಬಂದು ಜಗಲಿಯಲ್ಲಿ ಕುಳಿತಂತೆ. ಶಾಲೆಗಳು, ಉಗ್ರಾಣಗಳು, ದೇವಾಲಯಗಳು ತುಂಬಿದವು. ಅಥೆನ್ಸಿನ ನಾಟಕಶಾಲೆಯಲ್ಲಿ ಒಂದೊಂದು ಕಟಕಟೆಯಲ್ಲಿ ಒಂದೊಂದು ಸಂಸಾರವು ಬಿಡಾರ ಹೂಡಿತು. ಸ್ವಾಗತವೆಲ್ಲವೂ ಸಕ್ಕರೆಯಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಭಾಷೆಯೊಂದೇ, ಮತವೊಂದೇ ಎಂದು ನಂಬಿ ಬಂದವರನ್ನು ತುರ್ಕರ ಸಂತಾನವೆಂದು ಹೀಯಾಳಿಸಿದ ಸ್ಥಳೀಯರೂ ಇದ್ದರು. ರಾಷ್ಟ್ರಸಂಘದ ಆಶ್ರಯದಲ್ಲಿ 1923ರಲ್ಲಿ ವಸತಿ ಮಂಡಲಿಯೊಂದು ಏರ್ಪಟ್ಟು, ಮರುವರ್ಷ ಸಾಲವೆತ್ತಿ, ಹಳ್ಳಿಗಳನ್ನು ಕಟ್ಟಿ, ನೇಗಿಲು, ಎತ್ತು, ಬೀಜಗಳನ್ನು ಹಂಚಿತು. ಮ್ಯಾಸಿಡೋನಿಯದ ಬಯಲಿನಲ್ಲಿ ಹೊಗೆಸೊಪ್ಪಿನ ಬೆಳೆಯು ಹೆಚ್ಚಿತು. ಬಂದ ಹೆಂಗಸರು ರತ್ನಗಂಬಳಿಯ ನೇಯ್ಗೆಯನ್ನು ತಂದರು. ಅಥೆನ್ಸಿನ ಹೊರವಲಯದಲ್ಲಿ ಹೊಸ ಸ್ಮಿರ್ನಾ ಎಂಬ ಊರೇ ಎದ್ದಿತು.

ಇಲ್ಲಿಯೇ ನಾವು ಒಂದು ಆಕ್ಷೇಪಣೆಯನ್ನೂ ಎತ್ತಬೇಕಾಗಿದೆ. ಗ್ರೀಸು ತುರ್ಕಿಗಳ ನಡುವೆ ಜನವಿನಿಮಯವಾಗಬೇಕೆಂಬ ಸಲಹೆಯನ್ನು ಮುಂದಿಟ್ಟವರಲ್ಲಿ ನಾನ್ಸೆನ್ನರೂ ಒಬ್ಬರು. 1923ರ ಜನವರಿಯಲ್ಲಿ ಲಾಸಾನಿನ ಕರಾರು ಅದನ್ನು ಕಡ್ಡಾಯ ಮಾಡಿತು. ಇದರಿಂದ ಗ್ರೀಸಿನಲ್ಲಿದ್ದ ಮೂರೂವರೆ ಲಕ್ಷಕ್ಕೂ ಮೀರಿದ ಮುಸಲ್ಮಾನರು ಪಿತ್ರಾರ್ಜಿತ ಹೊಲಮನೆಗಳನ್ನು ಬಿಟ್ಟು ತುರ್ಕಿಗೆ ಹೋಗಬೇಕಾಯಿತು. ಕೊಲೆಯಾಗುವುದಕ್ಕಿಂತ ಗುಳೆಹೋಗುವುದು ಲೇಸೆಂಬ ವಾದವನ್ನು ನಾವು ಅರಿಯೆವೆಂದಲ್ಲ. ಆದರೆ 1947ರಲ್ಲಿ ಪಂಜಾಬು, ಬಂಗಾಳಗಳಲ್ಲಿ ನಡೆದುದನ್ನು ಬಲ್ಲ ದೇಶದವರಾದ ನಮಗೆ, ನಿರಾಶ್ರಿತರ ಬಂಧುವೊಬ್ಬರು ಇಂತಹ ಕರಾರಿಗೆ ದಾರಿ ತೋರಿದುದು ಮನಸ್ಸಿಗೆ ಒಗ್ಗುವುದಿಲ್ಲ.

ಬಂದವರಿಗೆ ನೆಲವನ್ನು ಕೊಟ್ಟು ನಿಲ್ಲಿಸುವ ಕಾರ್ಯವು ನಮ್ಮ ನಾಡಿಗೂ ಹೊಸದಲ್ಲ. 1959ರಲ್ಲಿ ಟಿಬೆಟ್ಟನ್ನು ಬಿಟ್ಟುಬಂದವರಿಗೆ ಮೈಸೂರು ರಾಜ್ಯವು 1960ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಬಿಟ್ಟುಕೊಟ್ಟಿತು. ಹಿಮದ ನಾಡಿನವರು ನಮ್ಮ ಸೆಕೆಯಲ್ಲಿ ಮರ ಕಡಿದು, ಕಾಡಾನೆಗಳ ಉಪಟಳವನ್ನು ತಾಳಿ, ಮುಸುಕಿನ ಜೋಳವನ್ನು ಬೆಳೆದರು. ಭಾರತ ಸರ್ಕಾರವು ಟಿಬೆಟಿಯನರ ಪ್ರವಾಸಕ್ಕೆಂದು ಕೊಡುವ ಹಳದಿಯ ಪುಸ್ತಕವು ನಾನ್ಸೆನ್ನರ ರಹದಾರಿಗೆ ದಾಯಾದಿಯೆಂದೇ ಹೇಳಬಹುದು.

ನಾನ್ಸೆನ್ನರ ಕೊನೆಯ ಹಂಬಲವು ಈಡೇರಲಿಲ್ಲ. 1925ರಲ್ಲಿ ಅವರು ಆರ್ಮೀನಿಯಕ್ಕೆ ಹೋಗಿ, ಸರ್ದಾರಾಬಾದಿನ ಬೆಂಗಾಡಿಗೆ ನೀರು ಹಾಯಿಸಿ ಅಲ್ಲಿ ನಿರಾಶ್ರಿತರನ್ನು ನೆಲೆಗೊಳಿಸುವ ಯೋಜನೆಯನ್ನು ತಯಾರಿಸಿದರು. ವರ್ಷ ವರ್ಷವೂ ಜಿನೀವಾದಲ್ಲಿ ಅದನ್ನು ಮಂಡಿಸಿದರು. ಶ್ಲಾಘನೆಯು ದೊರೆಯಿತು, ಸಾಲವು ದೊರೆಯಲಿಲ್ಲ. ಸಿರಿಯ, ಲೆಬನಾನುಗಳಲ್ಲಿ ಮಾತ್ರ ಸಹಸ್ರಾರು ಆರ್ಮೀನಿಯರಿಗೆ ಡೇರೆಗಳಿಂದ ಮನೆಗಳಿಗೆ ಬರುವ ಭಾಗ್ಯವುಂಟಾಯಿತು. ಬೇರೂತಿನ ಪಕ್ಕದ ಬುರ್ಜ್ ಹಮ್ಮೂದಿನಲ್ಲಿ ಅವರ ಅಂಗಡಿಬೀದಿಗಳನ್ನು ಇಂದಿಗೂ ಕಾಣಬಹುದು.

1930ನೆಯ ಮೇ 13ರಂದು ಲೀಸಾಕರಿನ ತಮ್ಮ ಮನೆಯಲ್ಲಿ ನಾನ್ಸೆನ್ನರು ತೀರಿಕೊಂಡರು. ನಾರ್ವೆಯ ರಾಜ್ಯಾಂಗ ದಿನವಾದ ಮೇ 17ರಂದು ರಾಷ್ಟ್ರವು ಅವರ ಅಂತ್ಯಸಂಸ್ಕಾರವನ್ನು ನಡೆಸಿತು. ಅವರ ಹೆಸರಿನಲ್ಲಿ ಏರ್ಪಟ್ಟ ನಿರಾಶ್ರಿತರ ಕಾರ್ಯಾಲಯವು ರಹದಾರಿಯ ಕೆಲಸವನ್ನು ಮುಂದುವರಿಸಿ, 1938ರಲ್ಲಿ ತಾನೂ ನೊಬೆಲ್ ಪಾರಿತೋಷಕವನ್ನು ಪಡೆಯಿತು. ಅದೇ ವರ್ಷವೇ ಜರ್ಮನಿ, ಆಸ್ಟ್ರಿಯಗಳಿಂದ ಓಡಿಬಂದ ಯೆಹೂದ್ಯರು ಕಾಗದಕ್ಕಾಗಿ ದೂತಾವಾಸಗಳ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದರು.