ಹೆಸರಿಲ್ಲದ ಶಿಲ್ಪಿ ಸೆರ್ಗೆಯ್ ಕೊರೊಲೆವ್

ಮಹತ್ಕಾರ್ಯವನ್ನು ಸಾಧಿಸಿದವನಿಗೆ ಕೀರ್ತಿಯು ತಾನಾಗಿಯೇ ಒಲಿದುಬರುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಆದರೆ ಲೋಕದ ನಡೆ ಯಾವಾಗಲೂ ಹಾಗಿರುವುದಿಲ್ಲ. ೧೯೫೭ನೆಯ ಇಸವಿ ಅಕ್ಟೋಬರ್ ೪ರಂದು ಮಾನವನು ನಿರ್ಮಿಸಿದ ಮೊಟ್ಟಮೊದಲ ಉಪಗ್ರಹವು ಭೂಮಿಯನ್ನು ಸುತ್ತತೊಡಗಿದಾಗ ಜಗತ್ತೆಲ್ಲವೂ ತಲೆಯೆತ್ತಿ ಆಕಾಶವನ್ನು ನೋಡಿತು. ೧೯೬೧ನೆಯ ಏಪ್ರಿಲ್ ೧೨ರಂದು ಯೂರಿ ಗಗಾರಿನ್ ಎಂಬ ತರುಣನು ಅಂತರಿಕ್ಷಕ್ಕೆ ಹೋಗಿ ಕ್ಷೇಮವಾಗಿ ಹಿಂದಿರುಗಿದಾಗ ಅವನ ಹೆಸರು ದೇಶದೇಶಗಳಲ್ಲಿ ಮನೆಮಾತಾಯಿತು. ಆ ಉಪಗ್ರಹವನ್ನೂ ಆ ತರುಣನನ್ನೂ ಮೇಲಕ್ಕೊಯ್ದ ರಾಕೆಟ್ಟನ್ನು ಕಟ್ಟಿಸಿದವನು ಯಾರೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ರಷ್ಯದ ಪತ್ರಿಕೆಗಳು ಆತನನ್ನು ಮುಖ್ಯ ವಿನ್ಯಾಸಕಾರ ಎಂದಷ್ಟೇ ಕರೆದು ಸುಮ್ಮನಾಗುತ್ತಿದ್ದವು. ಆತನ ನಿಜವಾದ ಹೆಸರು ಸೆರ್ಗೆಯ್ ಪಾವ್ಲೊವಿಚ್ ಕೊರೊಲೆವ್.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ರಾಕೆಟ್ಟುಗಳ ಗಣಿತವು ನನ್ನ ಅಳವಿಗೆ ಮೀರಿದ್ದು. ಆದರೂ ಈ ಚರಿತ್ರೆಯನ್ನು ಬರೆಯಲು ನನಗೊಂದು ಕಾರಣವುಂಟು. ನನ್ನ ತಂದೆಯವರು ಹೆಂಚು ಹೊದಿಸುವ ಕೆಲಸದವರು, ಅಕ್ಷರವನ್ನು ಅರಿಯದವರು. ಕೊರೊಲೆವನು ಮೊದಲು ಕಲಿತ ಕಸುಬೂ ಹೆಂಚು ಹೊದಿಸುವುದೇ ಆಗಿತ್ತೆಂದು ಓದಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಅಂದಿನಿಂದ ಈ ಮನುಷ್ಯನು ನನ್ನನ್ನು ಬಿಡದೆ ಕಾಡಿದ್ದಾನೆ.

ಕೊರೊಲೆವನು ೧೯೦೭ನೆಯ ಜನವರಿ ೧೨ರಂದು ಇಂದಿನ ಉಕ್ರೇನ್ ದೇಶದಲ್ಲಿರುವ ಝಿಟೋಮಿರ್ ಪಟ್ಟಣದಲ್ಲಿ ಜನಿಸಿದನು. ತಂದೆ ಉಪಾಧ್ಯಾಯ. ಮಗುವಿಗೆ ಮೂರು ವರ್ಷ ತುಂಬುವಷ್ಟರಲ್ಲಿಯೇ ತಂದೆತಾಯಿಗಳು ಬೇರೆಯಾದರು. ತಾಯಿ ವಿದ್ಯಾಭ್ಯಾಸಕ್ಕಾಗಿ ದೂರ ಹೋದುದರಿಂದ ಹುಡುಗನು ನೆಝಿನ್ ಎಂಬ ಊರಿನಲ್ಲಿ ಅಜ್ಜ ಅಜ್ಜಿಯರ ಮನೆಯಲ್ಲಿ ಒಬ್ಬಂಟಿಯಾಗಿ ಬೆಳೆದನು. ಆ ಊರಿಗೆ ಒಮ್ಮೆ ಉತೋಚ್ಕಿನ್ ಎಂಬ ವೈಮಾನಿಕನು ಬಂದು ವಿಮಾನ ಹಾರಿಸಿ ತೋರಿಸಿದನು. ಅಜ್ಜನ ಹೆಗಲೇರಿ ಆ ನೋಟವನ್ನು ಕಂಡ ಬಾಲಕನ ಮನಸ್ಸಿನಲ್ಲಿ ಹಾರಾಟದ ಹಂಬಲವು ಬೇರೂರಿತು. ಮುಂದೆ ತಾಯಿ ಮರುಮದುವೆಯಾದಳು. ಸಂಸಾರವು ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರಕ್ಕೆ ಬಂದಿತು. ಅದು ಕ್ರಾಂತಿ ಮತ್ತು ಅಂತರ್ಯುದ್ಧಗಳ ಕಾಲ. ಶಾಲೆಗಳು ಮುಚ್ಚಿದ್ದವು, ಅನ್ನಕ್ಕೂ ಬಡತನವಿತ್ತು. ಕೊನೆಗೆ ಹುಡುಗನು ಕಟ್ಟಡ ಕೆಲಸ ಕಲಿಸುವ ಶಾಲೆಗೆ ಸೇರಿ ಹೆಂಚು ಹೊದಿಸುವ ಕಸುಬಿನಲ್ಲಿ ತೇರ್ಗಡೆಯಾದನು. ಆದರೆ ಮಾಡಿನ ಮೇಲೆ ಕುಳಿತವನ ಕಣ್ಣು ಮಾಡಿಗಿಂತ ಮೇಲಕ್ಕೆ ಇತ್ತು. ಹದಿನೇಳನೆಯ ವಯಸ್ಸಿನಲ್ಲಿ ಆತನು ಯಂತ್ರವಿಲ್ಲದೆ ಗಾಳಿಯಲ್ಲಿ ತೇಲುವ ವಿಮಾನವೊಂದರ ನಕ್ಷೆಯನ್ನು ತಾನೇ ರಚಿಸಿದನು.

೧೯೨೪ರಲ್ಲಿ ಕೀವ್ ನಗರದ ತಾಂತ್ರಿಕ ವಿದ್ಯಾಲಯವನ್ನು ಸೇರಿ, ಪತ್ರಿಕೆಗಳನ್ನು ಹಂಚಿ, ಕೂಲಿ ಮಾಡಿ ಓದಿನ ಖರ್ಚನ್ನು ನೀಗಿಸಿಕೊಂಡನು. ಎರಡು ವರ್ಷಗಳ ಬಳಿಕ ಮಾಸ್ಕೋದ ಉನ್ನತ ತಾಂತ್ರಿಕ ಶಾಲೆಗೆ ಹೋದನು. ಅಲ್ಲಿ ಆತನ ಪದವಿಯ ಕೆಲಸಕ್ಕೆ ಮಾರ್ಗದರ್ಶಿಯಾಗಿದ್ದವನು ಪ್ರಸಿದ್ಧ ವಿಮಾನ ಶಿಲ್ಪಿ ಆಂದ್ರೆ ತುಪೊಲೆವ್.

ಇಲ್ಲಿ ರಾಕೆಟ್ಟಿನ ತತ್ತ್ವವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯಕ. ದೀಪಾವಳಿಯಲ್ಲಿ ನಾವು ಹಾರಿಸುವ ಬಾಣದಲ್ಲಿ ಮದ್ದು ಉರಿದು ಅನಿಲವು ಕೆಳಕ್ಕೆ ನುಗ್ಗುತ್ತದೆ, ಬಾಣವು ಮೇಲಕ್ಕೆ ಏರುತ್ತದೆ. ದೊಡ್ಡ ರಾಕೆಟ್ಟಿನ ಮರ್ಮವೂ ಇದೇ. ಗಾಳಿಯಿಲ್ಲದ ಕಡೆಯಲ್ಲಿಯೂ ಉರಿಯಬೇಕಾದುದರಿಂದ ಅದು ಇಂಧನದ ಜೊತೆಗೆ ಆಮ್ಲಜನಕವನ್ನೂ ತಾನೇ ಹೊತ್ತು ನಡೆಯುತ್ತದೆ. ಭೂಮಿಯ ಸುತ್ತ ತಿರುಗಬೇಕಾದ ವಸ್ತುವಿಗೆ ಸೆಕೆಂಡಿಗೆ ಸುಮಾರು ೮ ಕಿಲೋಮೀಟರು ವೇಗ ಬೇಕು. ಅಷ್ಟು ವೇಗವನ್ನು ಪಡೆಯಲು ಬರಿದಾದ ತೊಟ್ಟಿಗಳನ್ನು ದಾರಿಯಲ್ಲಿಯೇ ಕಳಚಿಹಾಕಬೇಕು. ದೂರದ ಊರಿಗೆ ಹೊರಟವನು ಬುತ್ತಿ ತೀರಿದ ಮೇಲೆ ಬರಿಯ ಪಾತ್ರೆಯನ್ನು ಹೊತ್ತು ಬಳಲುವುದಿಲ್ಲವಷ್ಟೆ! ಈ ಲೆಕ್ಕಾಚಾರವನ್ನು ತೋರಿಸಿಕೊಟ್ಟವನು ಕಿವುಡನಾಗಿದ್ದ ರಷ್ಯದ ಶಾಲಾ ಉಪಾಧ್ಯಾಯ ತ್ಸಿಯೋಲ್ಕೊವ್‌ಸ್ಕಿ. ಆತನ ಪ್ರಸಿದ್ಧ ಲೇಖನವು ೧೯೦೩ರಲ್ಲಿ ಪ್ರಕಟವಾಯಿತು. ಕಾಗದದ ಮೇಲಿದ್ದ ಆ ಸೂತ್ರವನ್ನು ಲೋಹದಲ್ಲಿ ಕಟ್ಟುವ ಕೆಲಸ ಮಾತ್ರ ಉಳಿದಿತ್ತು.

೧೯೩೧ರಲ್ಲಿ ಮಾಸ್ಕೋದ ಕೆಲವು ಉತ್ಸಾಹಿಗಳು ಒಂದು ರಾಕೆಟ್ ಸಂಘವನ್ನು ಸ್ಥಾಪಿಸಿದರು. ಅವರ ಹಿರಿಯನು ತ್ಸಾಂಡರ್. ಕೊರೊಲೆವನು ಸಂಘದ ಮುಖ್ಯಸ್ಥನಾದನು. ಒಂದು ನೆಲಮಾಳಿಗೆಯೇ ಅವರ ಕಾರ್ಯಾಗಾರ. ೧೯೩೩ನೆಯ ಆಗಸ್ಟ್ ೧೭ರಂದು ಮಾಸ್ಕೋದ ಹೊರವಲಯದ ಕಾಡಿನಲ್ಲಿ ಅವರ ಮೊದಲ ರಾಕೆಟ್ಟು ಸುಮಾರು ೪೦೦ ಮೀಟರು ಎತ್ತರಕ್ಕೆ ಹಾರಿತು. ಅದೇ ವರ್ಷದ ಮಾರ್ಚಿಯಲ್ಲಿ ತೀರಿಕೊಂಡಿದ್ದ ತ್ಸಾಂಡರನಿಗೆ ಆ ನೋಟವನ್ನು ಕಾಣುವ ಭಾಗ್ಯವಿರಲಿಲ್ಲ.

ಇನ್ನು ಮುಂದಿನದು ಈ ಜೀವನದ ಕರಾಳ ಅಧ್ಯಾಯ. ಸ್ಟಾಲಿನನ ಆಳಿಕೆಯಲ್ಲಿ ಸಂಶಯವೇ ಸಾಕ್ಷ್ಯವಾಗಿದ್ದ ಕಾಲವದು. ಕೊರೊಲೆವನು ಕೆಲಸ ಮಾಡುತ್ತಿದ್ದ ರಾಕೆಟ್ ಸಂಸ್ಥೆಯ ಹಿರಿಯರಿಬ್ಬರನ್ನು ಗುಂಡಿಕ್ಕಿ ಕೊಂದರು. ೧೯೩೮ನೆಯ ಜೂನ್ ೨೭ರ ರಾತ್ರಿ ಪೋಲೀಸರು ಕೊರೊಲೆವನ ಮನೆಗೂ ಬಂದರು. ಆಗ ಆತನ ಮಗಳಿಗೆ ಮೂರು ವರ್ಷ. ವಿಚಾರಣೆಯಲ್ಲಿ ಆತನನ್ನು ಥಳಿಸಿ, ಮಾಡದ ದ್ರೋಹವನ್ನು ಒಪ್ಪಿಸಿ, ಹತ್ತು ವರ್ಷಗಳ ಶಿಕ್ಷೆ ವಿಧಿಸಿ, ಸೈಬೀರಿಯದ ತುತ್ತತುದಿಯಲ್ಲಿರುವ ಕೊಲಿಮಾ ಪ್ರಾಂತದ ಚಿನ್ನದ ಗಣಿಗೆ ಅಟ್ಟಿದರು. ಚಳಿಯೂ ಹಸಿವೂ ಅಲ್ಲಿ ಆಳನ್ನು ಸೋಸಿ ಕೊಲ್ಲುತ್ತಿದ್ದವು. ಕೊರೊಲೆವನ ವಸಡುಗಳು ಊದಿ ಹಲ್ಲುಗಳು ಉದುರಿದವು. ಆತನು ಬದುಕಿ ಉಳಿದುದೇ ಒಂದು ಪವಾಡ.

ಆ ಪವಾಡದ ಹಿಂದೆ ಒಬ್ಬ ತಾಯಿ ಇದ್ದಳು. ಮಾರಿಯಾ ಎಂಬ ಆ ಹೆಣ್ಣುಮಗಳು ಅಧಿಕಾರಿಗಳ ಬಾಗಿಲಿಂದ ಬಾಗಿಲಿಗೆ ಅಲೆದಳು, ಅರ್ಜಿಯ ಮೇಲೆ ಅರ್ಜಿ ಬರೆದಳು. ಗ್ರೋಮೊವ್ ಮತ್ತು ಗ್ರಿಜೊದುಬೊವಾ ಎಂಬ ಹೆಸರಾಂತ ವೈಮಾನಿಕರು ಆಕೆಯ ಪರವಾಗಿ ಮಾತನಾಡಿದರು. ೧೯೪೦ರಲ್ಲಿ ಮಗನು ಮಾಸ್ಕೋಗೆ ಮರಳಿದನು. ಬಿಡುಗಡೆಯೇನೂ ದೊರೆಯಲಿಲ್ಲ, ಕೈದಿಗಳಾದ ತಂತ್ರಜ್ಞರಿಂದ ವಿಮಾನಗಳ ನಕ್ಷೆ ಮಾಡಿಸುತ್ತಿದ್ದ ಸೆರೆಮನೆಯೊಂದಕ್ಕೆ ಆತನನ್ನು ಸೇರಿಸಿದರು. ವಿಧಿಯ ವಿಡಂಬನೆಯನ್ನು ನೋಡಿರಿ: ಅಲ್ಲಿನ ಮುಖ್ಯಸ್ಥನು ತಾನೂ ಕೈದಿಯಾಗಿದ್ದ ಗುರು ತುಪೊಲೆವನೇ! ೧೯೪೪ರಲ್ಲಿ ಕೊರೊಲೆವನಿಗೆ ಬಿಡುಗಡೆಯಾಯಿತು. ಆತನು ನಿರಪರಾಧಿಯೆಂದು ಸರಕಾರವು ಪೂರ್ಣವಾಗಿ ಒಪ್ಪಿದುದು ಮಾತ್ರ ೧೯೫೭ರಲ್ಲಿ.

ಯುದ್ಧ ಮುಗಿದ ಮೇಲೆ ಜರ್ಮನರ ವಿ-೨ ರಾಕೆಟ್ಟುಗಳನ್ನು ಅಭ್ಯಾಸ ಮಾಡಲು ಆತನನ್ನು ಜರ್ಮನಿಗೆ ಕಳುಹಿಸಿದರು. ಅದರ ಮಾದರಿಯಲ್ಲಿ ಕಟ್ಟಿದ ಆರ್-೧ ರಾಕೆಟ್ಟು ೧೯೪೮ರಲ್ಲಿ ವೋಲ್ಗಾ ನದಿಯ ಸೀಮೆಯ ಕಪೂಸ್ತಿನ್ ಯಾರ್ ಎಂಬ ಸ್ಥಳದಿಂದ ಹಾರಿತು. ಅದರ ವ್ಯಾಪ್ತಿ ಸುಮಾರು ೨೭೦ ಕಿಲೋಮೀಟರು. ಒಂಬತ್ತೇ ವರ್ಷಗಳಲ್ಲಿ ಆತನು ಇದರಿಂದ ಖಂಡಾಂತರಗಾಮಿಯಾದ ಆರ್-೭ಕ್ಕೆ ಏರಿದನು.

ಆರ್-೭ ಹುಟ್ಟಿದುದು ಜ್ಞಾನಕ್ಕಾಗಿ ಅಲ್ಲ, ಭಾರವಾದ ಬಾಂಬನ್ನು ಸಾವಿರಾರು ಮೈಲಿ ಒಯ್ಯುವುದಕ್ಕಾಗಿ ಎಂಬ ಸತ್ಯವನ್ನು ನಾವು ಮರೆಮಾಚಬಾರದು. ಹೊರಡುವಾಗ ಅದರ ತೂಕ ಸುಮಾರು ೨೮೦ ಟನ್ನು. ನಡುವೆ ಒಂದು ಕಂಬ, ಅದರ ಸುತ್ತ ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಚೂಪಾದ ನಾಲ್ಕು ಪಕ್ಕದ ರಾಕೆಟ್ಟುಗಳು. ಒಂದೊಂದರಲ್ಲಿಯೂ ನಾಲ್ಕು ದಹನಕೋಶಗಳುಳ್ಳ ಎಂಜಿನು. ಇವುಗಳನ್ನು ರಚಿಸಿದವನು ಗ್ಲುಶ್ಕೊ. ಆತನೂ ಸೆರೆಮನೆಯನ್ನು ಕಂಡವನೇ. ಇಂಧನವೋ, ಸೀಮೆಎಣ್ಣೆಯ ಜಾತಿಯದು. ಅದನ್ನು ಉರಿಸಲು ದ್ರವರೂಪದ ಆಮ್ಲಜನಕ. ಆಕಾಶದಲ್ಲಿ ಎಂಜಿನು ಹೊತ್ತಿಕೊಳ್ಳುವುದೋ ಇಲ್ಲವೋ ಎಂಬ ಅಂಜಿಕೆಯಿಂದ ಐದು ಎಂಜಿನುಗಳನ್ನೂ ನೆಲದ ಮೇಲೆಯೇ ಹೊತ್ತಿಸುವಂತೆ ಏರ್ಪಡಿಸಿದರು. ಎರಡು ನಿಮಿಷಗಳಲ್ಲಿ ಪಕ್ಕದ ನಾಲ್ಕೂ ಬರಿದಾಗಿ ಕಳಚಿಬೀಳುತ್ತವೆ, ನಡುವಿನದು ಮುಂದಕ್ಕೆ ಸಾಗುತ್ತದೆ. ಸರಳವಾದರೂ ಎಷ್ಟು ವಿವೇಕದ ಏರ್ಪಾಡು!

ಮೊದಲ ಯತ್ನದಲ್ಲಿಯೇ ಜಯ ದೊರೆಯಲಿಲ್ಲ. ೧೯೫೭ನೆಯ ಮೇ ೧೫ರಂದು ಏರಿದ ರಾಕೆಟ್ಟಿಗೆ ಬೆಂಕಿ ತಗುಲಿ ಅದು ನಾಶವಾಯಿತು. ಜೂನಿನಲ್ಲಿ ಇನ್ನೊಂದು ನೆಲಬಿಟ್ಟು ಏಳಲೇ ಇಲ್ಲ. ಜುಲೈಯಲ್ಲಿ ಮತ್ತೊಂದು ಆಕಾಶದಲ್ಲಿ ಚೂರಾಯಿತು. ಆಗಸ್ಟ್ ೨೧ರಂದು ಕೊನೆಗೆ ಗೆಲುವು ಬಂದಿತು. ಆಗ ಕೊರೊಲೆವನು ಬಹುದಿನಗಳಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಕೆಲಸಕ್ಕೆ ಕೈಹಾಕಿದನು. ೧೯೫೪ರಲ್ಲಿಯೇ ತನ್ನ ಗೆಳೆಯ ತಿಖೊನ್ರಾವೊವನ ಉಪಗ್ರಹದ ಯೋಜನೆಯನ್ನು ಸರಕಾರದ ಮುಂದೆ ಇಟ್ಟಿದ್ದವನು ಆತನು. ಟನ್ನಿಗೂ ಮಿಕ್ಕ ತೂಕದ ಉಪಗ್ರಹವೊಂದನ್ನು ಕಟ್ಟಲು ೧೯೫೬ರಲ್ಲಿ ಒಪ್ಪಿಗೆ ದೊರೆತಿದ್ದರೂ ಅದರ ಉಪಕರಣಗಳು ಹೊತ್ತಿಗೆ ಸಿದ್ಧವಾಗಲಿಲ್ಲ. ಅಮೆರಿಕನ್ನರು ಮುಂದಾಗಿಬಿಟ್ಟಾರೆಂದು ಕೊರೊಲೆವನು ಆ ಆಡಂಬರವನ್ನು ಬದಿಗಿಟ್ಟು, ೫೮ ಸೆಂಟಿಮೀಟರು ಅಗಲದ ಒಂದು ಲೋಹದ ಗೋಳವನ್ನು ಮಾಡಿಸಿದನು. ಅದರೊಳಗೆ ರೇಡಿಯೋ ಯಂತ್ರ ಮತ್ತು ಬ್ಯಾಟರಿಗಳು, ಹೊರಗೆ ನಾಲ್ಕು ಉದ್ದನೆಯ ತಂತಿಕೋಲುಗಳು, ತೂಕ ೮೩.೬ ಕಿಲೋಗ್ರಾಂ. ಅದೇ ಸ್ಪುಟ್ನಿಕ್. ೯೬ ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತಾ ಅದು ಕಳುಹಿಸಿದ ಧ್ವನಿಯನ್ನು ಲೋಕದ ಮೂಲೆಮೂಲೆಯ ರೇಡಿಯೋಗಳು ಹಿಡಿದವು.

ಅಲ್ಲಿಂದ ಮುಂದೆ ಒಂದರ ಮೇಲೊಂದು ಸಾಧನೆಗಳು. ೧೯೫೯ರಲ್ಲಿ ಆತನ ರಾಕೆಟ್ಟು ಕಳುಹಿಸಿದ ಲೂನಾ-೨ ಚಂದ್ರನನ್ನು ಮುಟ್ಟಿತು. ಲೂನಾ-೩ ಚಂದ್ರನ ಹಿಮ್ಮುಖದ ಚಿತ್ರವನ್ನು ತಂದಿತು. ೧೯೬೧ರಲ್ಲಿ ಗಗಾರಿನ್ ೧೦೮ ನಿಮಿಷಗಳ ಯಾನ ಮಾಡಿದನು. ೧೯೬೩ರಲ್ಲಿ ವ್ಯಾಲೆಂಟೀನಾ ತೆರೆಷ್ಕೋವಾ ಅಂತರಿಕ್ಷವನ್ನು ಕಂಡ ಪ್ರಥಮ ಮಹಿಳೆಯೆನಿಸಿದಳು. ೧೯೬೫ರ ಮಾರ್ಚಿಯಲ್ಲಿ ಲಿಯೊನೊವ್ ನೌಕೆಯಿಂದ ಹೊರಬಂದು ಶೂನ್ಯದಲ್ಲಿ ತೇಲಿದನು. ಇವರೆಲ್ಲರಿಗೂ ಮೆರವಣಿಗೆಗಳಾದವು, ಹೂಮಾಲೆಗಳು ಬಿದ್ದವು. ಕೊರೊಲೆವನು ಗುಂಪಿನಲ್ಲಿ ಒಬ್ಬನಾಗಿ ನಿಂತು ನೋಡಬೇಕಾಗಿತ್ತು. ಪತ್ರಿಕೆಗೆ ಲೇಖನ ಬರೆದರೂ ಪ್ರೊಫೆಸರ್ ಸೆರ್ಗೆಯೆವ್ ಎಂಬ ಸುಳ್ಳು ಹೆಸರಿನಲ್ಲಿ ಬರೆಯಬೇಕಾಗಿತ್ತು. ಶತ್ರುಗಳು ಆತನ ಮೇಲೆ ಕೈಮಾಡಿಯಾರೆಂಬುದು ಸರಕಾರದ ಸಬೂಬು. ರಾಕೆಟ್ಟು ಏರುತ್ತಿದ್ದ ತ್ಯುರಾತಾಮ್ ಎಂಬ ಸ್ಥಳಕ್ಕೂ ಅದೇ ಗತಿಯಾಯಿತು. ಅದಕ್ಕೆ ನೂರಾರು ಕಿಲೋಮೀಟರು ದೂರದ ಬೈಕೊನೂರ್ ಎಂಬ ಊರಿನ ಹೆಸರನ್ನಿಟ್ಟು ಜಗತ್ತಿಗೆ ಸಾರಿದರು.

ಕೊರೊಲೆವನನ್ನು ದೇವರನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಆತನು ಮುಂಗೋಪಿ, ಹಟವಾದಿ. ಚಂದ್ರಯಾನದ ಇಂಧನದ ವಿಷಯದಲ್ಲಿ ಗ್ಲುಶ್ಕೊವಿನೊಡನೆ ಮನಸ್ತಾಪ ಬೆಳೆದು ಇಬ್ಬರ ದಾರಿಗಳೂ ಬೇರೆಯಾದವು. ಚಂದ್ರನಲ್ಲಿಗೆ ಮನುಷ್ಯನನ್ನು ಕಳುಹಿಸಲೆಂದು ಆತನು ಯೋಜಿಸಿದ ಎನ್-೧ ರಾಕೆಟ್ಟಿನ ಬುಡದಲ್ಲಿ ಸಣ್ಣ ಸಣ್ಣ ೩೦ ಎಂಜಿನುಗಳನ್ನು ಜೋಡಿಸಬೇಕಾಯಿತು. ಅದು ೧೯೬೯ರಿಂದ ೧೯೭೨ರವರೆಗೆ ನಾಲ್ಕು ಸಲ ಹಾರಿ ನಾಲ್ಕು ಸಲವೂ ಸೋತಿತು. ಆ ಸೋಲನ್ನು ಕಾಣಲು ಕೊರೊಲೆವನು ಇರಲಿಲ್ಲ. ೧೯೬೬ನೆಯ ಜನವರಿ ೧೪ರಂದು ಮಾಸ್ಕೋದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಆತನು ಕೊನೆಯುಸಿರೆಳೆದನು. ಚಿಕ್ಕದೆಂದು ಆರಂಭಿಸಿದ ಚಿಕಿತ್ಸೆಯಲ್ಲಿ ದೊಡ್ಡ ಗೆಡ್ಡೆ ಕಂಡುಬಂದಿತು. ಹಿಂದೆ ಸೆರೆಯಲ್ಲಿ ಪೆಟ್ಟುತಿಂದ ದವಡೆಯು ಸರಿಯಾಗಿ ತೆರೆಯದೆ, ಉಸಿರಾಟದ ನಳಿಗೆಯನ್ನು ಇಳಿಸುವುದು ವೈದ್ಯರಿಗೆ ಕಷ್ಟವಾಯಿತೆಂದು ಹೇಳುತ್ತಾರೆ. ಆಗ ಆತನಿಗೆ ೫೯ ವರ್ಷ. ಎರಡು ದಿನಗಳ ನಂತರ ಪ್ರಾವ್ದಾ ಪತ್ರಿಕೆಯು ಆತನ ಹೆಸರನ್ನೂ ಭಾವಚಿತ್ರವನ್ನೂ ಮುದ್ರಿಸಿತು. ಜೀವವಿದ್ದಾಗ ಮುಚ್ಚಿಟ್ಟ ಹೆಸರನ್ನು ಚಿತಾಭಸ್ಮವಾದಾಗ ಕ್ರೆಮ್ಲಿನ್ನಿನ ಗೋಡೆಯಲ್ಲಿ ಕೆತ್ತಿಸಿದರು.

ಆದರೆ ಆತನ ರಾಕೆಟ್ಟು ಸಾಯಲಿಲ್ಲ. ಆರ್-೭ರ ವಂಶಕ್ಕೆ ಸೇರಿದ ರಾಕೆಟ್ಟುಗಳು ಇದುವರೆಗೆ ೧೮೦೦ಕ್ಕೂ ಹೆಚ್ಚು ಸಲ ಹಾರಿವೆ. ೨೦೧೧ರಿಂದ ೨೦೨೦ರವರೆಗೆ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಮನುಷ್ಯರನ್ನು ಒಯ್ಯಲು, ಅಮೆರಿಕನ್ನರಿಗೂ ಕೂಡ, ಅದೊಂದೇ ದಾರಿಯಾಗಿತ್ತು. ನಮಗೂ ಅದರ ಋಣವಿದೆ. ೧೯೮೪ರಲ್ಲಿ ರಾಕೇಶ್ ಶರ್ಮ ಅವರು ಅಂತರಿಕ್ಷಕ್ಕೆ ಏರಿದುದು ಆ ವಂಶದ ರಾಕೆಟ್ಟಿನಿಂದಲೇ. ಬೆಂಗಳೂರಿನಲ್ಲಿ ನಿರ್ಮಾಣವಾದ ಐ.ಆರ್.ಎಸ್.-೧ಎ ಎಂಬ ಉಪಗ್ರಹವನ್ನು ೧೯೮೮ನೆಯ ಮಾರ್ಚ್ ೧೭ರಂದು ಬೈಕೊನೂರಿನಿಂದ ಮೇಲಕ್ಕೆ ಒಯ್ದುದೂ ಅದೇ ವಂಶದ್ದು. ಆಗ ನಮ್ಮ ಅಂತರಿಕ್ಷ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿಯ ಬಳಿಯ ಅದಮಾರಿನ ಯು. ಆರ್. ರಾವ್ ಅವರು. ನಮ್ಮ ಹೊಲ, ಕೆರೆ, ಕಾಡುಗಳನ್ನು ಮೇಲಿನಿಂದ ನೋಡಿ ಲೆಕ್ಕವಿಡುವುದೇ ಆ ಉಪಗ್ರಹದ ಕೆಲಸವಾಗಿತ್ತು. ಬಾಂಬಿಗಾಗಿ ಹುಟ್ಟಿದ ರಾಕೆಟ್ಟಿಗೆ ಇದಕ್ಕಿಂತ ಒಳ್ಳೆಯ ಸದ್ಗತಿ ಬೇರಾವುದಿದ್ದೀತು?

ನಮ್ಮ ಕಾಲೇಜಿನ ಹಳೆಯ ಕಟ್ಟಡದ ಮಾಡನ್ನು ದುರಸ್ತಿ ಮಾಡಿದಾಗ ಹೆಂಚು ಹೊದಿಸಿದವರಲ್ಲಿ ನನ್ನ ತಂದೆಯವರೂ ಒಬ್ಬರು. ಬಾಗಿಲ ಬಳಿಯ ಶಿಲಾಫಲಕದಲ್ಲಿ ಅವರ ಹೆಸರಿಲ್ಲ. ಇರಬೇಕೆಂದು ಅವರು ಬಯಸಿದವರೂ ಅಲ್ಲ. ಮಳೆಗಾಲದಲ್ಲಿ ಸೋರುವುದಿಲ್ಲವಷ್ಟೆ ಎಂದು ಮಾತ್ರ ನನ್ನನ್ನು ಕೇಳುತ್ತಾರೆ. ಹೆಸರನ್ನು ಮುಚ್ಚಿಟ್ಟವರ ಅನ್ಯಾಯವನ್ನು ನಾನು ಸಮರ್ಥಿಸಲಾರೆ. ಮಾಡಿದವನಿಗೆ ಸಲ್ಲಬೇಕಾದುದು ಅವನು ಬದುಕಿರುವಾಗಲೇ ಸಲ್ಲಬೇಕು. ಆದರೆ ಸಲ್ಲದಿದ್ದರೂ ಕೆಲಸವನ್ನು ಕೆಡಿಸದ ಮನುಷ್ಯರಿಂದಲೇ ಈ ಲೋಕವು ನಿಂತಿದೆ ಎಂಬುದನ್ನು ಕೊರೊಲೆವನ ಜೀವನವು ನನಗೆ ಕಲಿಸಿದೆ. ಪದವಿ ಪಡೆದು ಹೊರಗೆ ಹೋಗಲಿರುವ ನಾವು ನಮ್ಮ ತಲೆಯ ಮೇಲಿನ ಮಾಡನ್ನು ಹೊದಿಸಿದವರು ಯಾರೆಂದು ಒಮ್ಮೆಯಾದರೂ ಕೇಳಿ ತಿಳಿದುಕೊಳ್ಳೋಣ.