ಪಾಲವಣಕರ ಬಾಳೂ: ಬಡತನವು ಪಳಗಿಸಿದ ಕೈ

ಬಡತನವೇ ಮನುಷ್ಯನ ಗುರುವೆಂದು ಹೇಳುವುದು ಸುಲಭ. ಆ ಗುರುವು ಏನನ್ನು ಕಲಿಸಿದನು, ಏನನ್ನು ಕಲಿಯಗೊಡಲಿಲ್ಲ ಎಂಬ ಎರಡನ್ನೂ ವಿಚಾರಿಸುವವರು ಕಡಮೆ. ಧಾರವಾಡದಲ್ಲಿ 1870ರ ದಶಕದ ನಡುವೆ ಜನಿಸಿ, ಕ್ರಿಕೆಟ್ ಆಟದಲ್ಲಿ ದೇಶಕ್ಕೆ ಕೀರ್ತಿ ತಂದ ಪಾಲವಣಕರ ಬಾಳೂರವರ ಜೀವಿತದಲ್ಲಿ ಇವೆರಡೂ ಸ್ಪಷ್ಟವಾಗಿ ಕಾಣಬರುತ್ತವೆ.

ಇವರ ತಂದೆಯವರು ಸೈನ್ಯದ ನೌಕರಿಯಲ್ಲಿದ್ದುದರಿಂದ ಬಾಲ್ಯವು ಪುಣೆಯಲ್ಲಿ ಕಳೆಯಿತು. ಚರ್ಮಕಾರರ ಕುಲದವರಾದ ಈ ಕುಟುಂಬವನ್ನು ಆ ಕಾಲದ ಸಮಾಜವು ಅಸ್ಪೃಶ್ಯರೆಂದು ದೂರವಿಟ್ಟಿದ್ದಿತು. ಅಧಿಕಾರಿಗಳು ಬಳಸಿಬಿಟ್ಟ ಸಾಮಗ್ರಿಗಳಿಂದಲೇ ಬಾಳೂರವರೂ ತಮ್ಮನಾದ ಶಿವರಾಮರೂ ಆಟವನ್ನು ಕಲಿತರು. ಹೊಟ್ಟೆಯ ಪಾಡಿಗಾಗಿ ಬಾಳೂರವರು ಪಾರ್ಸಿಗಳ ಮೈದಾನವೊಂದರಲ್ಲಿ ಗುಡಿಸಿ ನೆಲವನ್ನು ಹದಗೊಳಿಸುವ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯೂರೋಪಿಯನ್ನರ ಪುಣೆ ಕ್ಲಬ್ಬಿನಲ್ಲಿ 4 ರೂಪಾಯಿಯ ಚಾಕರಿ ದೊರೆಯಿತು.

ಅಲ್ಲಿ ಬಲೆ ಕಟ್ಟುವುದರೊಂದಿಗೆ, ದೊರೆಗಳ ಅಭ್ಯಾಸಕ್ಕಾಗಿ ಚೆಂಡೆಸೆಯುವುದೂ ಅವರ ಪಾಲಿಗೆ ಬಂದಿತು. ಪ್ರಸಿದ್ಧ ಆಟಗಾರರಾದ ಗ್ರೇಗ್ ಸಾಹೇಬರು ಇತರರಿಗಿಂತ ಮುಂಚಿತವಾಗಿ ಬಂದು ಇವರೆದುರು ಅಭ್ಯಾಸ ಮಾಡುತ್ತಿದ್ದರು. ಹೀಗೆ ಗಂಟೆಗಟ್ಟಲೆ ಎಸೆದೆಸೆದು ಆ ಎಡಗೈ ಪಳಗಿತು. ನಿಧಾನವಾಗಿ ಬಂದು ನೆಲ ಮುಟ್ಟಿದೊಡನೆ ತಿರುಗುವ ಚೆಂಡು ಅವರ ವಶವಾಯಿತು. ಆದರೆ ಬ್ಯಾಟು ಹಿಡಿಯುವುದು ದೊರೆಗಳ ಹಕ್ಕು. ಚೆಂಡೆಸೆಯುವುದು ಆಳಿನ ಕೆಲಸ. ಆದಕಾರಣ ಬ್ಯಾಟಿನ ಅಭ್ಯಾಸಕ್ಕೆ ಅವರಿಗೆ ಅವಕಾಶವೇ ಒದಗಲಿಲ್ಲ. ಕೂಲಿಯು ಅರ್ಧ ವಿದ್ಯೆಯನ್ನು ಕೊಟ್ಟು, ಉಳಿದರ್ಧವನ್ನು ತಡೆಹಿಡಿಯಿತು.

ಅನಂತರ ಹಿಂದೂ ತಂಡದವರು ಇವರನ್ನು ಸೇರಿಸಿಕೊಂಡರು. ಮೈದಾನದಲ್ಲಿ ಇವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾ ಮಾತ್ರ ಹೊರಗಡೆ, ಮಣ್ಣಿನ ಕುಡಿಕೆಯಲ್ಲಿ! 1906ರಲ್ಲಿ ಮುಂಬಯಿಯಲ್ಲಿ ಹಿಂದೂಗಳು ಯೂರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಇವರು 8 ವಿಕೆಟುಗಳನ್ನು ಪಡೆದರು. 1911ರಲ್ಲಿ ಪಟಿಯಾಲದ ಮಹಾರಾಜರ ನೇತೃತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ 114 ವಿಕೆಟುಗಳು ಇವರ ಪಾಲಾದವು. ಇಷ್ಟಾದರೂ ಹಿಂದೂ ತಂಡದ ನಾಯಕತ್ವವನ್ನು ಇವರಿಗೆ ಕೊಡಲಿಲ್ಲ. ಅಣ್ಣನು ತೆರೆದ ಹಾದಿಯಲ್ಲಿ ನಡೆದು ಬ್ಯಾಟಿನಲ್ಲಿಯೇ ಹೆಸರಾದ ತಮ್ಮ ವಿಠ್ಠಲರು 1923ರಲ್ಲಿ ಆ ಸ್ಥಾನಕ್ಕೇರಿ, ತಂಡವನ್ನು ಗೆಲ್ಲಿಸಿದರು. ಬಾಳೂರವರು 1955ರಲ್ಲಿ ಮುಂಬಯಿಯಲ್ಲಿ ಕಾಲವಾದರು.

ಒಂದೇ ಮನೆಯ ಈ ಸೋದರರನ್ನು ಹೋಲಿಸಿ ನೋಡಿದರೆ ನಮಗೆ ತಿಳಿಯುವುದಿಷ್ಟು: ಕಷ್ಟದಲ್ಲಿ ಬೆಳೆದ ಕೌಶಲವನ್ನು ನಾವು ಮೆಚ್ಚಬೇಕು, ಆ ಕಷ್ಟವನ್ನೇ ಮೆಚ್ಚಬಾರದು. ನೀರು ಹೊತ್ತು, ಬೀಸಿ, ಕುಟ್ಟಿ ಗಟ್ಟಿಯಾದ ಮೈಯುಳ್ಳ ಬಾಲಿಕೆಯರನ್ನು ನಮ್ಮ ಪಾಠಶಾಲೆಯ ಆಟದ ಬಯಲಲ್ಲಿ ನಾವು ಕಂಡಿದ್ದೇವೆ. ಅವರ ಬಲವನ್ನು ಹೊಗಳಿದ ಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲ. ಅವರಿಗೆ ದುಡಿಮೆಯು ಕಲಿಸದೆ ಬಿಟ್ಟುದು ಯಾವುದೆಂದು ತಾಯಿತಂದೆಗಳೂ, ಇಲ್ಲಿ ಕಲಿತು ಹೋದ ಸೋದರಿಯರೂ ವಿಚಾರಿಸಿ, ಅದನ್ನು ಅವರ ಕೈಗೆ ಕೊಡುವುದೇ ಬಾಳೂರವರ ಸ್ಮರಣೆಗೆ ತಕ್ಕ ಕಾರ್ಯವೆಂದು ನಾವು ಎಣಿಸುತ್ತೇವೆ.